ಕಂಡೂ ಕಾಣದ ಹಾಗೆ

ಅಮ್ಮಾ, ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ತರಗತಿಗೆ ನಿಂತ ಕೈ ಇದು, ಬೈಯಬೇಡ. ನೀನು ತೀರಿಕೊಂಡ ಮೇಲೆ ಇದನ್ನು ಓದುವವರಿಲ್ಲ. ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಮಗನಾಗಿ ಮನೆ ಬಿಟ್ಟ ನಾನು ಈಗ ಹೆಣ್ಣಾಗಿ, ನಮ್ಮಂಥವರೇ ನಡೆಸುವ ಎಚ್‌ಐವಿ ರಕ್ತಪರೀಕ್ಷೆಯ ಕೋಣೆಯಲ್ಲಿದ್ದೇನೆ. ಹೆದರಿದವರ ಕೈ ಹಿಡಿದು ಕೂರುವುದು ನನ್ನ ಕೆಲಸ. ಅಲ್ಲೊಂದು ನಿಯಮವಿದೆ. ಬಂದವರು ಹೊರಗೆಲ್ಲಾದರೂ ಸಿಕ್ಕರೆ, ಅವರಾಗಿ ಮಾತಾಡಿಸುವ ತನಕ ನಮಗೆ ಅವರು ಯಾರೋ. ನಾವು ನಕ್ಕರೆ ಸಾಕು, ಅವರ ಗುಟ್ಟು ರಟ್ಟಾಗುತ್ತದೆ.

ಕಳೆದ ವಾರ ಒಬ್ಬ ಹುಡುಗ ಬಂದಿದ್ದ. "ಅಕ್ಕಾ, ಸೂಜಿ ಕಂಡ್ರೆ ಪ್ರಾಣಾನೇ ಹೋಗುತ್ತೆ" ಎಂದ.

"ಮೊದಲು ರಕ್ತ ಕೊಡಪ್ಪ, ಪ್ರಾಣದ ವಿಷಯ ಆಮೇಲೆ ನೋಡೋಣ" ಎಂದೆ. ನಕ್ಕುಬಿಟ್ಟ.

ನಿನ್ನೆ ತರಕಾರಿ ಮಾರ್ಕೆಟ್ಟಿನಲ್ಲಿ ಅವನು ತಾಯಿಯ ಜೊತೆ ಎದುರಾದ. ನನ್ನನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ನಾನು ಮುಖ ತಿರುಗಿಸಿ ದಾಟಿಹೋದೆ. ಹಿಂದೆ ಅವನ ತಾಯಿ ಕೇಳುವುದು ಕಿವಿಗೆ ಬಿತ್ತು.

"ಯಾಕೋ ಹೀಗೆ ಬೆವರ್ತಿದೀಯ? ಆಕೆ ಗೊತ್ತಾ ನಿಂಗೆ?"

"ಇಲ್ಲಮ್ಮ, ಯಾರೋ."

ನನಗೆ ನೋವಾಗಲಿಲ್ಲ. ಸದ್ಯ ಉಳಿದುಕೊಂಡ ಎನಿಸಿತು.

ಅದೇ ಮಾರ್ಕೆಟ್ಟಿನಲ್ಲಿ ಒಮ್ಮೆ ನೀನೂ ನನ್ನನ್ನು ಕಂಡು ಮುಖ ತಿರುಗಿಸಿದ್ದೆ. ಇಷ್ಟು ವರ್ಷ ಅದೊಂದನ್ನೇ ಎದೆಯಲ್ಲಿಟ್ಟುಕೊಂಡಿದ್ದೆ. ಕಂಡಲ್ಲಿ ಸಿಗಿದುಹಾಕುತ್ತೇನೆ ಎಂದಿದ್ದ ಅಪ್ಪ ಆಗ ನಿನ್ನ ಹಿಂದೆಯೇ ನಿಂತಿದ್ದರು. ಅದು ನೆನಪಾದದ್ದು ನಿನ್ನೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ಅಂದು ನೀನು ನಿಂತಿದ್ದ ಟೊಮೇಟೊ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು, ನಾನು ನಿಂತಿದ್ದ ಕಡೆ ನೋಡಿದೆ.