ಬೆರ್ಮೆತ್‌ಗೆ ಅಮ್ಮ ಯಾರು

ಕೊಚ್ಕೋರ್,
ಜೂನ್ 11, ಮಂಗಳವಾರ

ಮುದ್ದಿನ ಸೊಸೆ ಜಿಪಾರ್‌ಗೆ ನಿನ್ನ ಅತ್ತೆ ಬುರುಲ್ ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಳೇ? ಬೆನ್ನುನೋವು ಇಳಿಯಿತೇ? ಹೋಟೆಲಿನ ಅಷ್ಟು ದಪ್ಪ ಹಾಸಿಗೆಗಳನ್ನು ದಿನವೂ ಎತ್ತಿದರೆ ಕುದುರೆಗೂ ಬೆನ್ನು ಹಿಡಿಯುತ್ತದೆ. ಒಂಟೆ ಉಣ್ಣೆಯ ಪಟ್ಟಿ ಕಳಿಸುತ್ತಿದ್ದೇನೆ, ಚಂದವಿಲ್ಲ ಅಂತ ಪೆಟ್ಟಿಗೆಯಲ್ಲಿ ಇಡಬೇಡ, ಸೊಂಟಕ್ಕೆ ಕಟ್ಟಿಕೋ. ನನ್ನ ಮಗರಾಯ ಕುಬತ್ ಲಾರಿ ಓಡಿಸುವಾಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ, ಇಲ್ಲ ಸೂರ್ಯಕಾಂತಿ ಬೀಜ ಜಗಿಯುತ್ತಲೇ ಚಿಕಾಗೋ ಸುತ್ತುತ್ತಾನೋ? ಅಲ್ಲಾಹನ ದಯೆಯಿಂದ ನಾವೆಲ್ಲ ಸುಖವಾಗಿದ್ದೇವೆ. ನಿನ್ನ ಮಾವನಿಗೆ ಮಂಡಿನೋವಂತೆ. ನೀರು ತರಲು ಹೇಳಿದರೆ ಬರುತ್ತದೆ, ಕುದುರೆ ಹತ್ತುವಾಗ ಇರುವುದಿಲ್ಲ.

ಫೋನಿದ್ದೂ ಪತ್ರ ಯಾಕೆ ಅನ್ನಬೇಡ. ಫೋನ್ ಹಿಡಿದರೆ ಬೆರ್ಮೆತ್ ನನ್ನ ತೊಡೆಯ ಮೇಲೇ ಕಿವಿ ಅಗಲಿಸಿ ಕೂರುತ್ತಾಳೆ. ಜನವರಿಯಲ್ಲಿ ಗಡಿ ದಾಟಿ ಅಲ್ಮಾಟಿಯ ವೀಸಾ ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದೆವಲ್ಲ, ಕುಬತ್ ನಿನಗೆ "ಕಾಗದ ಸಾಲಲಿಲ್ಲ" ಎಂದಷ್ಟೇ ಹೇಳಿದ್ದಾನೆ. ಕಾಗದ ಸಾಕಾಗಿತ್ತು ಮಗಳೇ, ನಿನ್ನ ಮಗಳ ಬಾಯಿ ಹೆಚ್ಚಾಯಿತು. ನೀವು ಅಲ್ಲಿ ಕಾಯಂ ಆದವರು, ಹೆತ್ತ ಮಗುವನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದೀರಿ, ಎಲ್ಲ ಸರಿ. ಕಿಟಕಿಯ ಆಚೆ ಕೂತ ಚಿಕ್ಕ ವಯಸ್ಸಿನ ಅಧಿಕಾರಿಣಿ ನಿಮ್ಮಿಬ್ಬರ ಫೋಟೋ ತೋರಿಸಿ ಇವರು ಯಾರು ಎಂದು ಭಾಷೆ ಬಲ್ಲ ಹೆಂಗಸಿನಿಂದ ಕೇಳಿಸಿದಳು. ಬೆರ್ಮೆತ್ ಕತ್ತು ನೆಟ್ಟಗೆ ಮಾಡಿ, "ಇವ್ನು ನಮ್ಮಣ್ಣ ಕುಬತ್. ಇವ್ಳು ನಮ್ಮತ್ತಿಗೆ" ಅಂದಳು. "ನಿಮ್ಮಮ್ಮ ಎಲ್ಲಿ?" ನನ್ನ ಕಡೆ ಬೆರಳು. "ಅಪ್ಪ?" "ಹೊರಗೆ ಪೊಲೀಸಿನವನ ಹತ್ರ ಕುದುರೆ ವಿಷ್ಯ ಮಾತಾಡ್ತಿದಾನೆ." ನಾನು ಅಲ್ಲೇ ಬಿಸ್ಮಿಲ್ಲಾ ಹೇಳಿಕೊಂಡೆ.

ನಮ್ಮಲ್ಲಿ ಚೊಚ್ಚಲ ಮಗು ಅಜ್ಜ ಅಜ್ಜಿಯ ಪಾಲು, ಅವರನ್ನೇ ಅಪ್ಪ ಅಮ್ಮ ಅನ್ನುತ್ತದೆ, ಹೆತ್ತವರು ಅಣ್ಣ ಅತ್ತಿಗೆ ಆಗುತ್ತಾರೆ. ನಿನಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಆ ಹುಡುಗಿಗೆ ಹೇಗೆ ಹೇಳುವುದು? ಪುಣ್ಯಕ್ಕೆ ಮಾತು ತಿಳಿಸಿಕೊಡುತ್ತಿದ್ದವಳು ಕಜಾಕ್ ಹೆಂಗಸು. "ನಾನೂ ಅಜ್ಜಿಯ ಮಗಳಾಗೇ ಬೆಳೆದವಳು ಕಣಮ್ಮಾ" ಎಂದು ನನಗೆ ಹೇಳಿ, ಅಧಿಕಾರಿಣಿಗೂ ಬಿಡಿಸಿ ಹೇಳಿದಳು. ಅವಳು ನಕ್ಕಳು, ನಕ್ಕರೂ ಬರೆದದ್ದು ಬರೆದಳು. ರಕ್ತಸಂಬಂಧದ ಪರೀಕ್ಷೆ ಆಗಲೇಬೇಕಂತೆ. ನೀವು ಅಲ್ಲಿ ಎಂಜಲು ಕೊಟ್ಟಿರಿ. ಇಲ್ಲಿ ನರ್ಸ್ ಹತ್ತಿಯ ಕಡ್ಡಿ ಬಾಯಿಗಿಟ್ಟರೆ ಇವಳು ಕಚ್ಚಿ ಮುರಿದಳು. ಎರಡನೆಯ ಕಡ್ಡಿಯನ್ನು ನಿನ್ನ ಮಾವ ಮೊದಲು ತಾನೇ ಬಾಯಿಗಿಟ್ಟುಕೊಂಡು ತೋರಿಸಲು ಹೋಗಿ ಬೈಸಿಕೊಂಡರು.

ಆಮೇಲೆ ಚಳಿಗಾಲ ಕಳೆಯುವವರೆಗೂ ಮನೆಯೇ ಶಾಲೆ. "ಜಿಪಾರ್ ಯಾರು?" "ಅಮ್ಮ." "ನಾನು?" "ನೀನೂ ಅಮ್ಮ." ನಾನು ಅಜ್ಜಿ ಕಣೇ ಅಂದರೆ, "ಸುಳ್ಳು! ಅಜ್ಜಿಯರಿಗೆ ಹಲ್ಲಿರಲ್ಲ" ಅನ್ನುತ್ತಿದ್ದಳು. ಕೊನೆಗೆ ನಿನ್ನ ಮಾವ ಸರಿ ಉತ್ತರಕ್ಕೊಂದು ಮಿಠಾಯಿ ಎಂದು ಶುರು ಮಾಡಿದರು. ಪಾಠ ಬೇಗ ಹತ್ತಿತು, ಒಂದು ಹಲ್ಲೂ ಹುಳುಕಾಯಿತು.

ಹೋದ ಬುಧವಾರ ಮತ್ತೆ ಕರೆದರು. ಅದೇ ಕಿಟಕಿ, ಅದೇ ಫೋಟೋ. ಬೆರ್ಮೆತ್ ಗಂಟೆ ಹೊಡೆದ ಹಾಗೆ "ಇದು ನಮ್ಮಮ್ಮ, ಇದು ನಮ್ಮಪ್ಪ" ಅಂದಳು. ನನಗೆ ಉಸಿರು ಬಂತು. ಅಷ್ಟರಲ್ಲಿ ಕಿಟಕಿಯ ಕಿಂಡಿಯೊಳಗೆ ಕೈ ಚಾಚಿ, "ಎಲ್ಲಿ ನನ್ ಮಿಠಾಯಿ?" ಅಂದುಬಿಟ್ಟಳು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಜಾಕ್ ಹೆಂಗಸು ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಅಧಿಕಾರಿಣಿ ಪರೀಕ್ಷೆಯ ಕಾಗದ ನೋಡಿದಳು, ಇವಳನ್ನು ನೋಡಿದಳು, ಅಲ್ಲಿಗೆ ಯಾಕೆ ಹೋಗ್ತೀಯ ಎಂದು ಕೇಳಿದಳು. ಇದನ್ನು ಯಾರೂ ಕಲಿಸಿರಲಿಲ್ಲ. "ಅತ್ತಿಗೆಗೆ ಬೆನ್ನುನೋವು. ಅಣ್ಣ ದಪ್ಪ, ಅವ್ನು ಬೆನ್ನು ತುಳಿದ್ರೆ ಮುರಿಯುತ್ತೆ. ನಾನು ಹಗುರ" ಅಂದಳು. ಐದು ತಿಂಗಳ ಪಾಠ ನೀರಿಗೆ ಹೋಯಿತು ಅಂದುಕೊಂಡೆ. ಆ ಹುಡುಗಿ ಮಾತ್ರ ತಲೆ ತಗ್ಗಿಸಿ ಏನೋ ಬರೆದು ಪಾಸ್‌ಪೋರ್ಟ್ ಒಳಗಿಟ್ಟುಕೊಂಡಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ತಿಳಿಸ್ತೀವಿ ಅಂದಳಷ್ಟೇ. ಐದು ಹೊತ್ತೂ ನಮಾಜಿನಲ್ಲಿ ಇದನ್ನೇ ಬೇಡುತ್ತಿದ್ದೇನೆ. ಏನು ಬೇಡುತ್ತಿದ್ದೇನೆ ಎಂದು ಅಲ್ಲಾಹನಿಗೆ ಗೊತ್ತು. ಒಂದೆರಡು ಸಲ ನನಗೇ ಗೊತ್ತಾಗಲಿಲ್ಲ.

ನಾಳೆ ಚಿಕಾಗೋಗೆ ಹೊರಟಿರುವ ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಪತ್ರ, ಪಟ್ಟಿ, ಒಂದು ಚೀಲ ಒಣಮೊಸರಿನ ಉಂಡೆ ಕೊಡುತ್ತಿದ್ದೇನೆ. ಕುಬತ್‌ಗೆ ನನ್ನ ಮುತ್ತು. ಅಲ್ಲಾಹ ನಿಮ್ಮ ದಾರಿಯನ್ನೂ ಲಾರಿಯನ್ನೂ ಕಾಯಲಿ.

ನಿನ್ನ ಅತ್ತೆ,
ಬುರುಲ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಾಸ್‌ಪೋರ್ಟ್ ಬಂತು. ವೀಸಾ ಕೊಟ್ಟಿದ್ದಾರೆ ಮಗಳೇ! ನವೆಂಬರ್ ಮುಗಿಯುವುದರೊಳಗೆ ಬರಬೇಕಂತೆ. ನಿನ್ನ ಮಾವ ಅಂಗಳದಲ್ಲಿ ನಿಂತು ಕುಬತ್‌ಗೆ ಫೋನಿನಲ್ಲಿ ಕಿರುಚುತ್ತಿದ್ದಾರೆ, ಪತ್ರ ಸೇರುವಾಗ ನಿನಗಿದು ಹಳೇ ಸುದ್ದಿ. ನಾನು ಹೇಳಬೇಕಾದದ್ದು ಬೇರೆ. ಯಾರದೋ ಜೊತೆಗೆ ಕಳಿಸಿ ಅಂತ ಕುಬತ್ ಅನ್ನುತ್ತಾನೆ, ಕೇಳಬೇಡ, ನೀನೇ ಬಾ. ಹಾಲು ಬಿಡಿಸಿದ ದಿನ ನಾನು ಅವಳನ್ನು ನನ್ನ ಹಾಸಿಗೆಗೆ ಎತ್ತಿಕೊಂಡು ಬಂದೆ. ನೀನು ನಮಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದೆ. ತುಂಬಾ ಹೊತ್ತು ನಾದಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಆಗ ತೋಚಲಿಲ್ಲ. ನೀನು ಬಂದಾಗ ನನ್ನ ಅಪ್ಪಣೆಗೆ ಕಾಯಬೇಡ. ನೇರ ಒಳಗೆ ಬಂದು ಮಗಳನ್ನು ಎತ್ತಿಕೋ.