ಒಡ್ಡಿನ ಬಾಗಿಲ ಕೀಲಿ ಈಗ ನನ್ನ ಸೊಂಟದಲ್ಲಿದೆ

ಪ್ರೀತಿಯ ಮಾವನವರಿಗೆ,

ನಿಮ್ಮ ಬಂಡವಾಳಶಾಹಿ ಸೊಸೆಯ ನಮಸ್ಕಾರ. ಆ ಹೆಸರಿಟ್ಟವರು ನೀವೇ. ಹೊನ್ನಾವರದ ಬಟ್ಟೆ ಅಂಗಡಿಯವರ ಮಗಳು ಅಘನಾಶಿನಿಯ ಸಮಾಜವಾದಿ ಮಾಸ್ತರರ ಮನೆಗೆ ಬಂದ ಮೊದಲ ವಾರವೇ, ಚಾ ಕುಡಿಯುತ್ತ ಕೇಳಿದ್ದಿರಿ, ನಿನ್ನ ಅಪ್ಪ ಮೀಟರಿಗೆ ಎಷ್ಟು ಲಾಭ ಇಡುತ್ತಾರೆ ಎಂದು. ಲಾಭ ಇಡದಿದ್ದರೆ ಮರುದಿನ ಅಂಗಡಿ ಬಾಗಿಲು ತೆಗೆಯುವವರು ಯಾರು ಎಂದು ನಾನೂ ಕೇಳಿಬಿಟ್ಟೆ. ಒಳಗೆ ಅತ್ತೆ ತಲೆ ಚಚ್ಚಿಕೊಂಡರು. ನೀವು ಮಾತ್ರ ಲೋಟ ಮುಂದೆ ಹಿಡಿದು ಇನ್ನರ್ಧ ಚಾ ಹಾಕಿಸಿಕೊಂಡಿರಿ. ಅಂದು ಶುರುವಾದ ಜಗಳ ನೀವು ಹೋಗುವ ತನಕ ನಿಲ್ಲಲಿಲ್ಲ. ನೀವು ಹೋಗಿ ಮೂರು ಮಳೆಗಾಲ ಕಳೆಯಿತು. ಎದುರು ಕೂತು ವಾದಿಸುವವರಿಲ್ಲದೆ ನನ್ನ ಚಾ ಲೋಟದಲ್ಲೇ ತಣಿಯುತ್ತದೆ. ಅದಕ್ಕೇ ಈ ಕಾಗದ. ಗೆದ್ದ ಸುದ್ದಿ ಇದೆ, ಮಾವ. ಯಾರು ಗೆದ್ದದ್ದು ಎಂಬುದನ್ನು ನೀವೇ ಓದಿ ಹೇಳಬೇಕು.

ನನ್ನನ್ನು ಮೊದಲ ಸಲ ಗಜನಿಗೆ, ಹೊಳೆಯಂಚಿನ ಉಪ್ಪುನೆಲದ ಗದ್ದೆಗಳಿಗೆ, ಕರೆದುಕೊಂಡು ಹೋದದ್ದು ನೆನಪಿದೆಯೇ? ಹೊಳೆಯ ಉಪ್ಪುನೀರಿಗೂ ಊರಿನ ಗದ್ದೆಗಳಿಗೂ ನಡುವೆ ಒಂದು ಮಣ್ಣಿನ ಒಡ್ಡು, ಒಡ್ಡಿಗೆ ಮರದ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಕಡಲಿನ ಇಳಿತದ ಹೊತ್ತಿಗೆ ಬಾಗಿಲು ತೆಗೆದರೆ ಮಳೆನೀರು ಗದ್ದೆಯ ಉಪ್ಪನ್ನು ತೊಳೆದುಕೊಂಡು ಹೊಳೆಗೆ ಹೋಗುತ್ತದೆ, ಭರತಿ ಏರುವ ಮೊದಲು ಮುಚ್ಚಬೇಕು. ಹಾಗೆ ತೊಳೆದ ನೆಲದಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆರೆದಿಟ್ಟರೆ ಸಿಗಡಿ ತಾನಾಗಿ ಒಳಗೆ ಬರುತ್ತದೆ. ಒಡ್ಡು ಒಡೆದರೆ ಮನೆಗೊಬ್ಬರು ಕೆಸರಿಗೆ ಇಳಿಯಲೇಬೇಕು. ಇದನ್ನೆಲ್ಲ ತೋರಿಸಿ, ನಮ್ಮೂರು ಯಾವ ಪುಸ್ತಕವನ್ನೂ ಓದದೆ ಸಮಾಜವಾದ ಕಲಿತಿದೆ ಎಂದಿರಿ. ಸಿಗಡಿ ಹಿಡಿಯುವ ಹಕ್ಕನ್ನು ಹರಾಜು ಹಾಕಿ ಹೆಚ್ಚು ಕೂಗಿದವರಿಗೇ ಕೊಡುತ್ತೀರಲ್ಲ, ಅದು ಯಾವ ವಾದ ಎಂದೆ ನಾನು. ನೀವು ನಕ್ಕಿರಿ.

ಆಮೇಲೆ ನಿಮ್ಮ ಅರ್ಜಿಗಳ ಕಾಲ ಬಂತು. ಬಡವರು ವರ್ಷವರ್ಷವೂ ಸೊಂಟದ ತನಕ ಕೆಸರಲ್ಲಿ ಯಾಕೆ ನಿಲ್ಲಬೇಕು, ಒಡ್ಡನ್ನು ಸರಕಾರವೇ ವಹಿಸಿಕೊಳ್ಳಲಿ ಎಂದು ಬರೆದಿರಿ, ಬರೆದಿರಿ, ಬರೆದೇ ಬರೆದಿರಿ. ಕೊನೆಗೂ ಕಲ್ಲಿನ ಒಡ್ಡು ಎದ್ದಿತು, ಕಬ್ಬಿಣದ ಬಾಗಿಲು ಕೂತಿತು, ಅದಕ್ಕೊಂದು ಕೀಲಿ, ಕೀಲಿಗೊಬ್ಬ ನೌಕರ. ಅಂದು ನೀವು ಊರಿಗೆಲ್ಲ ಪೇಡೆ ಹಂಚಿದಿರಿ. ಆ ನೌಕರ ಸುಬ್ರಾಯಣ್ಣ ಒಳ್ಳೆಯ ಮನುಷ್ಯ, ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವುದು, ಸಂಜೆ ಐದಕ್ಕೆ ಮುಚ್ಚುವುದು, ಭಾನುವಾರ ರಜೆ. ಭರತಿಗೆ ಭಾನುವಾರ ಎಂತ ಗೊತ್ತು? ಅದು ದಿನಕ್ಕೆ ಮುಕ್ಕಾಲು ತಾಸು ತಡವಾಗಿ ಬರುತ್ತ ತನ್ನ ಪಾಡಿಗೆ ತಾನು ತಿರುಗುತ್ತದೆ. ನೀವು ಪಂಚಾಂಗ ಹಿಡಿದು ತಿಥಿ ನೋಡಿ ನೀರಿನ ಹೊತ್ತು ಹೇಳುವುದನ್ನು ಅವನಿಗೆ ಕಲಿಸಲು ಹೋದಿರಿ. ಅವನು ಕೈಮುಗಿದು, "ಮಾಸ್ತರೆ, ತಿಥಿ ಮೇಲೆ ನಂಗೆ ಆರ್ಡರ್ ಬರೂದಿಲ್ಲ" ಎಂದ. ನಾಲ್ಕು ವರ್ಷದಲ್ಲಿ ಗಜನಿ ಉಪ್ಪುಗಟ್ಟಿ ಹಾಳು ಬಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ನಿಮ್ಮದನ್ನೇ ಬರೆದು ತಪ್ಪಿಸಿಕೊಳ್ಳುತ್ತಿದ್ದೆ, ನಿಮಗೆ ಗೊತ್ತಾಗಿರುತ್ತದೆ. ಹೊರಗಿನ ಗುತ್ತಿಗೆದಾರನೊಬ್ಬ ಇಡೀ ಗಜನಿಯನ್ನು ಸಿಗಡಿ ಸಾಕಲು ಕೇಳಿ ಬಂದಾಗ ಮನೆಮನೆ ತಿರುಗಿ ಸಹಿ ಹಾಕಿಸಿದವಳು ನಾನು. ಹಾಳು ಬಿದ್ದ ನೆಲ, ಬಂಡವಾಳ ಹಾಕುವ ಧೈರ್ಯ ಇದ್ದವನು ದುಡಿಯಲಿ, ಊರಿಗೂ ನಾಲ್ಕು ಕಾಸು ಬರಲಿ ಎಂದು ಎಷ್ಟು ಜೋರಾಗಿ ಮಾತಾಡಿದ್ದೆ! ಕಡೆಯ ಸಹಿ ನಿಮ್ಮದೇ ಉಳಿದಿತ್ತು. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿರಿ. "ನನ್ನ ಸರಕಾರ ಎಂತ ಮಾಡ್ತು ಹೇಳಿ ಊರು ನೋಡಿ ಆತು. ನಿನ್ನ ಅಂಗಡಿ ಎಂತ ಮಾಡ್ತು ನೋಡಲಿ" ಎಂದು ಸಹಿ ಹಾಕಿದಿರಿ. ಗುತ್ತಿಗೆದಾರ ಮಳೆಗಾಲದಲ್ಲೂ ಬಾಗಿಲು ತೆಗೆಸದೆ ಉಪ್ಪುನೀರು ನಿಲ್ಲಿಸಿಕೊಂಡ. ಮೂರನೇ ವರ್ಷ ಸಿಗಡಿಗೆ ರೋಗ ಬಂತು. ಪಂಪನ್ನೂ ಬಿಟ್ಟು ಊರು ಖಾಲಿ ಮಾಡಿದ. ಅಷ್ಟರಲ್ಲಿ ಉಪ್ಪು ನಮ್ಮ ಬಾವಿಗೆ ಇಳಿದಿತ್ತು.

ಒಂದು ಬೆಳಿಗ್ಗೆ ನಿಮ್ಮ ಚಾ ಉಪ್ಪುಪ್ಪಾಗಿತ್ತು. ನಾನು ಲೋಟ ಕಸಿದುಕೊಳ್ಳಲು ಬಂದರೂ ಬಿಡದೆ ಪೂರ್ತಿ ಕುಡಿದಿರಿ. ಆಮೇಲೆ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರತೊಡಗಿತು. ಕೊಡ ಹಿಡಿದು ಸಾಲಲ್ಲಿ ನಿಂತು, ನೋಡು ನನ್ನ ಸರಕಾರ ಬಂತು ಎಂದು ಎಲ್ಲರನ್ನೂ ನಗಿಸುತ್ತಿದ್ದಿರಿ. ಒಂದು ಸಲ, ಒಂದೇ ಒಂದು ಸಲ ನನ್ನನ್ನು ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು ಗೊತ್ತೇ? ಬೈಯಲಿಲ್ಲ. ಕುಮಟೆಯ ಆಸ್ಪತ್ರೆಯಲ್ಲಿ ಕೊನೆಯ ಸಲ ಕೈ ಹಿಡಿದು, ಬಾವಿ ನೀರು ಹೇಗಿದೆ ಎಂದು ಕೇಳಿದಿರಿ. ಸುಧಾರಿಸಿದೆ ಎಂದೆ. ಸುಳ್ಳು, ಮಾವ. ನಿಮಗೆ ಅದು ಸುಳ್ಳೆಂದು ಗೊತ್ತಿತ್ತು, ಗೊತ್ತಿದ್ದೂ ನೀವು...

ನಿಮ್ಮ ಹದಿನಾಲ್ಕನೇ ದಿನದ ಕಾರ್ಯ ಕಳೆದದ್ದೇ ಸರಕಾರಿ ಕಚೇರಿಗೆ ಹೋದೆ. ಒಡ್ಡಿನ ಕೀಲಿ ಊರಿಗೆ ಕೊಡಿ ಎಂದೆ. ಊರು ಎಂದರೆ ಯಾರು ಎಂದು ಅಲ್ಲಿದ್ದವರು ಕೇಳಿದರು. ಸಿಟ್ಟು ನೆತ್ತಿಗೇರಿತು, ಆದರೆ ಬಸ್ಸಿನಲ್ಲಿ ಬರುವಾಗ ಯೋಚಿಸಿದರೆ ಅವರು ಕೇಳಿದ್ದು ಸರಿಯೇ. ಮನೆಗೊಬ್ಬರು ಕೆಸರಿಗಿಳಿಯುವುದನ್ನು ನಿಲ್ಲಿಸಿದ ಮೇಲೆ ನಮಗೆ ಊರು ಎಂದು ಎಲ್ಲಿತ್ತು? ನಿಮ್ಮ ಶಾಲೆಯಲ್ಲೇ ಸಭೆ ಕರೆದೆ. ಕಲ್ಲಿನ ಒಡ್ಡು ಕಟ್ಟುವುದು ನಮ್ಮ ಕೈಲಾಗುವುದಲ್ಲ, ಅದನ್ನು ಸರಕಾರವೇ ಕಾಯಲಿ ಎಂದೆ. ಬಾಗಿಲು ಮಾತ್ರ ಭರತಿ ಬಲ್ಲವರ ಕೈಯಲ್ಲಿರಲಿ. ಕೊಯ್ಲಿನ ಮೇಲೆ ಸಿಗಡಿಯನ್ನು ಯಾವ ವ್ಯಾಪಾರಿ ಬೇಕಾದರೂ ಹರಾಜಿನಲ್ಲಿ ಹಿಡಿಯಲಿ, ಲಾಭ ಮಾಡಿಕೊಳ್ಳಲಿ, ಆದರೆ ಕೀಲಿ ಮುಟ್ಟುವಂತಿಲ್ಲ. ಹಿಂದೆ ಸಹಿ ಹಾಕಿಸಿದವಳು ಇವಳೇ ಅಲ್ಲವೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ಆಗ ಹಿಂದಿನ ಬೆಂಚಿನಿಂದ ಎದ್ದವನು ಯಾರು ಗೊತ್ತೇ? ನಿವೃತ್ತನಾಗಿ ಇದೇ ಊರಲ್ಲಿ ನೆಲೆನಿಂತ ಸುಬ್ರಾಯಣ್ಣ.

"ನಾ ಬಾಗಿಲು ತಪ್ಪು ಹೊತ್ತಿಗೆ ತೆಗೀತೆ ಹೇಳಿ ನಂಗೆ ದಿನಾ ಗೊತ್ತಾಗ್ತಿತ್ತು," ಎಂದ. "ಹೇಳೂಕೆ ಯಾರೂ ಕೇಳಲಿಲ್ಲ. ಕೀಲಿ ಮಾಸ್ತರ ಸೊಸೆಗೆ ಕೊಡಿ. ತಿಥಿ ಅವ್ಳಿಗೆ ಬತ್ತದೆ."

ಹೌದು ಮಾವ, ನನಗೆ ಬರುತ್ತದೆ. ನೀವು ಅವನಿಗೆ ಕಲಿಸುತ್ತಿದ್ದಾಗ ಚಾ ತಂದವಳು ಅಲ್ಲೇ ನಿಂತು ಕಲಿತಿದ್ದೆ.

ಕಚೇರಿಯಿಂದ ಕಾಗದ ಕೈಸೇರುವ ಹೊತ್ತಿಗೆ ನನ್ನ ಎರಡು ಜೊತೆ ಚಪ್ಪಲಿ ಸವೆದಿದ್ದವು. ಮಳೆ ಹಿಡಿಯುವ ಮೊದಲು ಹೂತುಹೋದ ಕಾಲುವೆಗಳ ಕೆಸರೆತ್ತಲು ಮತ್ತೆ ಮನೆಗೊಬ್ಬರನ್ನು ಕರೆದೆವು. ಎಷ್ಟು ಜನ ಬಂದಾರು ಎಂದು ಬೆಳಗಾಗುವ ಮೊದಲೇ ಒಡ್ಡಿನ ಮೇಲೆ ನಿಂತು ದಾರಿ ನೋಡಿದೆ. ಬಂದರು! ಬ್ಯಾಂಕಿನವನು ರಜೆ ಹಾಕಿ ಬಂದ, ಹೊಳೆಯಲ್ಲಿ ಚಿಪ್ಪಿ ಆರಿಸುವ ಹೆಂಗಸರು ಬುಟ್ಟಿ ಸಮೇತ ಬಂದರು, ಕಾಲೇಜಿನ ಲೆಕ್ಚರರು ಪ್ಯಾಂಟು ಮಡಚಿಕೊಂಡು ಬಂದು ಮೊದಲ ಹೆಜ್ಜೆಗೇ ಕೆಸರಲ್ಲಿ ಕೂತರು. ಮನೆಗೊಬ್ಬರ ಹಳೆಯ ಪಟ್ಟಿಯನ್ನು ಯಾರೋ ತಂದಿದ್ದರು, ಅಕ್ಷರ ನಿಮ್ಮದೇ. ಒಂದೊಂದೇ ಮನೆ ಕೂಗುತ್ತ ಬಂದು "ಮಾಸ್ತರ ಮನೆ" ಎಂದರು. "ಬಂದಾತು" ಎಂದು ನಾನು ಸೀರೆ ಎತ್ತಿ ಕಟ್ಟಿ ಇಳಿದೆ.

ಮೊದಲ ವರ್ಷ ಕಗ್ಗ ಅರ್ಧ ಗದ್ದೆಯಲ್ಲಷ್ಟೇ ಕಚ್ಚಿತು. ಈ ವರ್ಷ ಒಡ್ಡಿನ ಮೇಲೆ ನಿಂತು ನೋಡಿದರೆ ಆ ತುದಿಯವರೆಗೂ ತೆನೆ ತೂಗುತ್ತಿತ್ತು. ಸಿಗಡಿ ಹರಾಜನ್ನು ಭಟ್ಕಳದ ವ್ಯಾಪಾರಿಯೊಬ್ಬರು ಹಿಡಿದರು. ಕೀಲಿಯ ಕಟ್ಟಳೆ ಹೇಳಿದಾಗ ಬೇಸರಪಡಲಿಲ್ಲ, ಬಾಗಿಲಿನ ತಲೆಬಿಸಿ ನಿಮಗೇ ಇರಲಿ ಎಂದು ನಕ್ಕು ಚಾ ಕುಡಿದು ಹೋದರು. ನನ್ನ ಅಪ್ಪನ ಹಾಗೆಯೇ ಇದ್ದರು, ನಿಮಗೂ ಹಿಡಿಸುತ್ತಿದ್ದರು. ಈಗ ಹೇಳಿ, ಗೆದ್ದವರು ಯಾರು? ನಿಮ್ಮ ಸರಕಾರ ಒಡ್ಡು ಕಾಯುತ್ತಿದೆ, ನನ್ನ ವ್ಯಾಪಾರಿ ಲಾಭ ಮಾಡುತ್ತಿದ್ದಾನೆ, ಕೀಲಿ ಇಬ್ಬರ ಹತ್ತಿರವೂ ಇಲ್ಲ. ಇದಕ್ಕೆ ಎಂತ ಹೆಸರಿಡಬೇಕೆಂದು ಬಲ್ಲವರು ನೀವೊಬ್ಬರೇ ಆಗಿದ್ದಿರಿ. ಬರುವ ವರ್ಷ ಕೀಲಿ ಚಿಪ್ಪಿ ಆರಿಸುವ ನಾಗಿಯ ಮನೆಗೆ ಹೋಗುತ್ತದೆ. ಅವಳಿಗೆ ತಿಥಿ ಕಲಿಸುತ್ತಿದ್ದೇನೆ, ನನಗಿಂತ ಚುರುಕು.

ಇನ್ನೊಂದು ಸುದ್ದಿಯನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ಟ್ಯಾಂಕರ್ ಬರುವುದು ನಿಂತಿದೆ, ನಾವೇ ಬೇಡ ಎಂದೆವು. ಇವತ್ತು ಬೆಳಿಗ್ಗೆ ಹೆದರುತ್ತ ಹೆದರುತ್ತ ಬಾವಿಗೆ ಕೊಡ ಇಳಿಸಿದೆ, ಅದೇ ನೀರಿನಲ್ಲಿ ಎರಡು ಲೋಟ ಚಾ ಮಾಡಿದೆ. ಒಂದನ್ನು ನಿಮ್ಮ ಜಾಗದಲ್ಲಿಟ್ಟು ಇನ್ನೊಂದನ್ನು ನಾನು ಕುಡಿದೆ, ಆಮೇಲೆ ನಿಮ್ಮದನ್ನೂ ಕುಡಿದೆ. ಉಪ್ಪಿಲ್ಲ, ಮಾವ. ಆಸ್ಪತ್ರೆಯಲ್ಲಿ ನಾನು ಹೇಳಿದ ಮಾತು ಇವತ್ತು ನಿಜವಾಯಿತು.