ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಡ

ಹುಬ್ಬಳ್ಳಿ, ೩೦ ಫೆಬ್ರವರಿ ೨೧೯೧

ನೀಲಗಂಗಜ್ಜಿಗೆ ಶರಣು.

ಇಪ್ಪತ್ತಮೂರರ ಬಸುರಿಯನ್ನು ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ತಾರೀಖೂ ತಪ್ಪಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ, ಪಾಪ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು.

ಇಲ್ಲಿ ಬಸುರಿಯರು ಬಸಿರುಡಾಬು ಕಟ್ಟಿಕೊಳ್ಳುತ್ತಾರೆ. ನಿಮ್ಮ ಸ್ಕ್ಯಾನಿಂಗ್ ಯಂತ್ರವೇ ಸೊಂಟದ ಡಾಬಿನಷ್ಟು ಸಣ್ಣದಾಗಿದೆ ಅಂದುಕೋ. ಅದರಲ್ಲಿ ಕೂಸಿನ ಕರುಳು, ಮೂತ್ರಕೋಶ ಎಲ್ಲ ಕಾಣುತ್ತದೆ. ತೊಂದರೆ ಕಂಡರೆ ಬಸುರಿ ತವರಿಗೆ ಹೋಗುವುದಿಲ್ಲ, ತವರೇ ಆಸ್ಪತ್ರೆಗೆ ಬರುತ್ತದೆ. ಇದಕ್ಕೆ ತವರಿಳಿಯುವುದು ಎನ್ನುತ್ತೇವೆ. ತವರಿನವರಿಗಾಗಿ ಆಸ್ಪತ್ರೆಯ ಹಿಂದೆಯೇ ಸಾಲುಮನೆಗಳಿವೆ. ಬಾಣಂತಿಯರ ಅಂಟಿನುಂಡೆಯ ಘಮ, ಬಿಸಿನೀರಿಗಾಗಿ ಬೀಗತಿಯರ ಜಗಳ, ಯಾವುದಕ್ಕೂ ಕೊರತೆಯಿಲ್ಲ. ನಾನು ಆ ಆಸ್ಪತ್ರೆಯಲ್ಲಿ ಎಳೆಗೂಸುಗಳ ಸರ್ಜನ್. ಹೊರಬಂದ ಕರುಳನ್ನು ಒಳಗಿಟ್ಟು ಹೊಲಿಯುವುದು ನನ್ನ ದಿನದ ಕೆಲಸ. ಬಹುಪಾಲು ಕೂಸುಗಳು ಹಾಲು ಕುಡಿದು ಗುಂಡಗಾಗಿ ಮನೆಗೆ ಹೋಗುತ್ತವೆ.

ಈಗ ನಿನ್ನ ವಿಷಯ. ನೀನು ಇದನ್ನು ಓದುವ ದಿನದ ಲೆಕ್ಕದಲ್ಲಿ, ನಿನ್ನೆ ನಿನ್ನ ಸ್ಕ್ಯಾನಿಂಗ್‌ನಲ್ಲಿ ಕೂಸಿನ ಕರುಳು ಹೊಕ್ಕಳ ಪಕ್ಕದ ರಂಧ್ರದಿಂದ ಹೊರಬಂದಿರುವುದು ಕಂಡಿತು. ಒಳಗುಳಿದ ಕರುಳೂ ಉಬ್ಬಿದೆ. ಅಂದರೆ ಹುಟ್ಟಿದ ಕೂಡಲೇ ಆಪರೇಷನ್ ಬೇಕಾದೀತು. ಹುಬ್ಬಳ್ಳಿಯಲ್ಲೇ ಹೆರಿಗೆಯಾದರೆ ಕೂಸನ್ನು ಉಳಿಸಿಕೊಳ್ಳುವ ಭರವಸೆಯಿದೆ ಎಂದು ಡಾಕ್ಟರಮ್ಮ ಹೇಳಿದರು. ಆದರೆ ನಿನ್ನವ್ವ ಕಾಶವ್ವ ಸೀಮಂತದ ಕುಬಸ ಮುಗಿಸಿ, ನಿನ್ನನ್ನು ಸಿಂದಗಿ ಕಡೆಯ ಹಳ್ಳಿಗೆ ಕರೆದೊಯ್ಯಲು ಬಂದು ಕುಳಿತಿದ್ದಾಳೆ. “ಚೊಚ್ಚಲ ಬಾಣಂತನ ತವರಾಗ ಆಗಬೇಕವ್ವಾ. ಹುಟ್ಟೂಕಿಂತ ಮೊದ್ಲ ಹಣೇಬರ ಹೇಳಾಕ ಆ ಡಾಕ್ಟರಮ್ಮ ಕಣಿ ಹೇಳಾಕಿ ಏನು?” ಎಂದಳಂತೆ. ಆ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಕಾಶವ್ವನ ಪ್ರೀತಿ ಅಪ್ಪಟ. ಆದರೆ ಆ ಸ್ಕ್ಯಾನಿಂಗ್ ಪರದೆ ಹಣೆಬರಹ ಓದುವುದಿಲ್ಲ, ಕೂಸು ಬರುವ ಹೊತ್ತಿಗೆ ಪಕ್ಕದಲ್ಲಿ ಯಾರಿರಬೇಕು ಎಂದು ಹೇಳುತ್ತದೆ, ಅಷ್ಟೇ.

ಮುಂದೆ ಆದದ್ದು ನಮಗೆ ಗೊತ್ತು. ನೀನು ಅವ್ವನ ಮಾತು ಮೀರಲಾರದೆ ತವರಿಗೆ ಹೋದೆ. ಕೂಸು ಹುಟ್ಟಿತು, ಅತ್ತಿತು, ಆಂಬುಲೆನ್ಸ್ ಹುಬ್ಬಳ್ಳಿ ಮುಟ್ಟುವ ಮೊದಲೇ ತೀರಿಕೊಂಡಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತಿದೆ. ಮರುವರ್ಷ ನಿನಗೆ ಮಗಳು ಹುಟ್ಟಿದಳು. ನಾನು ಅವಳ ಕುಡಿ. ಚೊಚ್ಚಲ ಕೂಸು ಬದುಕಿದರೆ ಆ ಮಗಳು ಹುಟ್ಟದೇ ಹೋಗಬಹುದು, ಅವಳಿಲ್ಲದಿದ್ದರೆ ನಾನೂ ಇಲ್ಲ.

ಯೋಚಿಸಿಯೇ ಬರೆಯುತ್ತಿದ್ದೇನೆ. ಹುಟ್ಟದೇ ಹೋದವರಿಗೆ ನೋವಿಲ್ಲ, ನಿನ್ನ ಹೊಟ್ಟೆಯಲ್ಲಿ ಒದೆಯುತ್ತಿರುವ ಕೂಸಿಗೆ ಇದೆ. ಅದನ್ನು ಉಳಿಸಬಲ್ಲ ಡಾಕ್ಟರು ನೀನಿರುವ ಊರಲ್ಲೇ ಇದ್ದಾರೆ. ಕಾಶವ್ವನನ್ನೂ ನಿನ್ನ ಜೊತೆ ಅಲ್ಲೇ ಉಳಿಸಿಕೋ. ಬಸ್ ಹತ್ತಬೇಡ, ಅಜ್ಜಿ.

ನಿನ್ನ,
ಪಾರ್ವತೆವ್ವ